ಮೃತದೇಹದ ಸಾಕ್ಷ್ಯ: ಥುಕ್‌ದಮ್ ಸಂಶೋಧನೆಯ ಒಂದು ವಿಮರ್ಶೆ

ಮೈಸೂರಿನಿಂದ ಮಡಿಕೇರಿಗೆ ಹೋಗುವ ಹೆದ್ದಾರಿಯಲ್ಲಿ, ಕುಶಾಲನಗರಕ್ಕೆ ತುಸು ಮೊದಲು, ಪಿರಿಯಾಪಟ್ಟಣ ತಾಲ್ಲೂಕಿನ ಮೇರೆಯೊಳಗೆ ಬೈಲಕುಪ್ಪೆ ಇದೆ. 1960ರಲ್ಲಿ ಅಂದಿನ ಮೈಸೂರು ಸರ್ಕಾರವು ಟಿಬೆಟಿನಿಂದ ಬಂದ ನಿರಾಶ್ರಿತರಿಗಾಗಿ ಸುಮಾರು 3,000 ಎಕರೆ ಭೂಮಿಯನ್ನು ಇಲ್ಲಿ ಒದಗಿಸಿತು. 1963ರಲ್ಲಿ ನಾಮ್‌ಡ್ರೋಲಿಂಗ್ ಮಠವೂ 1970ರಲ್ಲಿ ಸೆರಾ ಮಹಾವಿಹಾರವೂ ಇದೇ ನೆಲದಲ್ಲಿ ಮರುಹುಟ್ಟು ಪಡೆದವು. ಪ್ರವಾಸಿಗರು ಸ್ವರ್ಣಮಂದಿರದ ಮೂರು ಮೂರ್ತಿಗಳನ್ನು ನೋಡಿ ಹಿಂದಿರುಗುತ್ತಾರೆ. ಆದರೆ ಈಚಿನ ವರ್ಷಗಳಲ್ಲಿ ಇಂಥ ಮಠಗಳ ಕಡೆಗೆ ಮತ್ತೊಂದು ಬಗೆಯ ಯಾತ್ರಿಕರೂ ಬರತೊಡಗಿದ್ದಾರೆ. ಅವರು ನರವಿಜ್ಞಾನಿಗಳು. ಅವರ ಕುತೂಹಲವಿರುವುದು ಬದುಕಿರುವ ಭಿಕ್ಷುವಿನ ಧ್ಯಾನದಲ್ಲಿ ಮಾತ್ರವಲ್ಲ, ತೀರಿಕೊಂಡ ಭಿಕ್ಷುವಿನ ದೇಹದಲ್ಲಿಯೂ ಹೌದು.

ಟಿಬೆಟನ್ ಬೌದ್ಧರು ‘ಥುಕ್‌ದಮ್’ ಎಂದು ಕರೆಯುವ ಒಂದು ಸ್ಥಿತಿಯುಂಟು. ಸಾಧಕನ ಉಸಿರೂ ಹೃದಯದ ಬಡಿತವೂ ನಿಂತ ಮೇಲೆಯೂ ಅವನ ಅತಿಸೂಕ್ಷ್ಮ ಚಿತ್ತವು ಕೆಲವು ದಿನ ದೇಹದಲ್ಲಿಯೇ ಧ್ಯಾನಮಗ್ನವಾಗಿ ಉಳಿಯುತ್ತದೆಂದೂ, ಅಷ್ಟು ಕಾಲ ದೇಹವು ಕೊಳೆಯದೆ, ವಾಸನೆ ಬರದೆ, ಎದೆಯ ಭಾಗದಲ್ಲಿ ತುಸು ಬೆಚ್ಚಗೆ ಇರುತ್ತದೆಂದೂ ಅವರ ನಂಬುಗೆ. ನಾಮ್‌ಡ್ರೋಲಿಂಗ್ ಮಠದ ಸ್ಥಾಪಕರಾದ ಪೆನೋರ್ ರಿಂಪೋಚೆ ಅವರು 2009ರ ಮಾರ್ಚ್ ತಿಂಗಳಲ್ಲಿ ಬೈಲಕುಪ್ಪೆಯಲ್ಲಿ ತೀರಿಕೊಂಡಾಗ, ಅವರು ಈ ಸ್ಥಿತಿಯಲ್ಲಿದ್ದಾರೆಂದು ಶಿಷ್ಯವರ್ಗವು ತಿಳಿಸಿತ್ತು. ಆ ದಿನಗಳಲ್ಲಿ ದೇಹವನ್ನು ಯಾರೂ ಅಲುಗಿಸಬಾರದು, ಕೋಣೆಯಲ್ಲಿ ಗದ್ದಲ ಮಾಡಬಾರದು ಎಂಬುದು ಅವರ ಸಂಪ್ರದಾಯ.

ಈ ನಂಬುಗೆಯನ್ನು ಪರೀಕ್ಷೆಗೆ ಒಡ್ಡಿದ ಮೊದಲ ಶಾಸ್ತ್ರೀಯ ಪ್ರಬಂಧವು 2021ರ ಜನವರಿಯಲ್ಲಿ ಮನೋವಿಜ್ಞಾನದ ಒಂದು ಅಂತಾರಾಷ್ಟ್ರೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಅಮೆರಿಕದ ಮ್ಯಾಡಿಸನ್ ನಗರದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದಲ್ಲಿ ರಿಚರ್ಡ್ ಡೇವಿಡ್‌ಸನ್ ಅವರು ನಡೆಸುವ ಕೇಂದ್ರವು ಇದರ ಹೊಣೆ ಹೊತ್ತಿತ್ತು. ಡಿಲನ್ ಲಾಟ್ ಮೊದಲ ಲೇಖಕರು. ಲೇಖಕರ ಪಟ್ಟಿಯಲ್ಲಿ ಹಲವು ಟಿಬೆಟನ್ ಹೆಸರುಗಳೂ ಇವೆ. ಹೊರಗಿನಿಂದ ಬಂದವರು ಮಾಹಿತಿಯನ್ನು ಕೊಂಡೊಯ್ದು ಊರಿನವರನ್ನು ಮರೆಯುವ ಹಳೆಯ ಚಾಳಿಯನ್ನು ಬಲ್ಲವರು ಇದನ್ನು ಗಮನಿಸಬೇಕು.

ಭಾರತದ ಟಿಬೆಟನ್ ನೆಲೆಗಳಲ್ಲಿ ಥುಕ್‌ದಮ್ ಸ್ಥಿತಿಯಲ್ಲಿದ್ದಾರೆ ಎಂದು ನಂಬಲಾದ ಮೃತರ ತಲೆಯ ಮೇಲೆ ಕೆಲವು ವಿದ್ಯುದ್ವಾರಗಳನ್ನಿರಿಸಿ ಸಂಶೋಧಕರು ಮೂರು ಬಗೆಯ ದಾಖಲೆಗಳನ್ನು ತೆಗೆದರು. ಮೊದಲನೆಯದು, ಏನೂ ಮಾಡದೆ ಸುಮ್ಮನಿರುವಾಗಿನ ಮಿದುಳಿನ ವಿದ್ಯುತ್ ಚಟುವಟಿಕೆ. ಎರಡನೆಯದು, ಒಂದೇ ಬಗೆಯ ಸ್ವರವನ್ನು ಮತ್ತೆ ಮತ್ತೆ ಕೇಳಿಸಿ ನಡುವೆ ಬೇರೊಂದು ಸ್ವರವನ್ನು ಸೇರಿಸಿದಾಗ ಮಿದುಳು ತನಗೆ ತಾನೇ ತೋರುವ ಪ್ರತಿಕ್ರಿಯೆ. ನಿದ್ರೆಯಲ್ಲಿರುವವರಲ್ಲಿಯೂ ಇದರ ಸುಳಿವು ಸಿಗುವುದುಂಟು. ಮೂರನೆಯದು, ಕಿವಿಗೆ ಬಿದ್ದ ಸಣ್ಣ ಸದ್ದು ಮಿದುಳಿನ ಕಾಂಡವನ್ನು ಹಾದುಹೋಗುವಾಗ ಸೆಕೆಂಡಿನ ನೂರನೆಯ ಒಂದು ಭಾಗದೊಳಗೆ ಮೂಡಿಸುವ ಅಲೆಗಳು. ಇದೇ ಸಲಕರಣೆಯಿಂದ ಆರೋಗ್ಯವಂತರಾದ ಜೀವಂತ ವ್ಯಕ್ತಿಗಳನ್ನು ಪರೀಕ್ಷಿಸಿದಾಗ ಅಲೆಗಳು ಸ್ಪಷ್ಟವಾಗಿ ಮೂಡಿದವು. ಥುಕ್‌ದಮ್ ಎನ್ನಲಾದ ಒಬ್ಬರಲ್ಲಿಯೂ ಗುರುತಿಸಬಹುದಾದ ಯಾವ ಅಲೆಯೂ ಕಾಣಲಿಲ್ಲ.

ಫಲಿತಾಂಶವನ್ನು ಲೇಖಕರು ಒಳಪುಟಗಳಲ್ಲಿ ಬಚ್ಚಿಡದೆ ಪ್ರಬಂಧದ ಶೀರ್ಷಿಕೆಯಲ್ಲಿಯೇ ಹೇಳಿಬಿಟ್ಟಿದ್ದಾರೆ. ಆ ಶೀರ್ಷಿಕೆಯಲ್ಲಿ ‘ತೋರಿಕೆಯ’ ಎಂಬರ್ಥದ ಒಂದು ವಿಶೇಷಣವಿದೆ, ‘ಎನ್ನಲಾದ’ ಎಂಬರ್ಥದ ಮತ್ತೊಂದಿದೆ. ಈ ಎರಡು ಪದಗಳಲ್ಲಿ ಸಂಶೋಧಕರ ಸತ್ಯವ್ರತವು ಕಾಣುತ್ತದೆ. ಡೇವಿಡ್‌ಸನ್ ಅವರು 1992ರಲ್ಲಿ ದಲಾಯಿ ಲಾಮಾ ಅವರನ್ನು ಭೇಟಿಯಾದಂದಿನಿಂದ ಧ್ಯಾನದ ಅಧ್ಯಯನಕ್ಕೆ ತಮ್ಮ ವೃತ್ತಿಜೀವನವನ್ನೇ ಮುಡಿಪಾಗಿಟ್ಟವರು. ಧ್ಯಾನದ ಪರವಾದ ಒಲವು ಅವರಿಗಿಲ್ಲವೆಂದು ಯಾರೂ ಹೇಳಲಾರರು. ಅಂಥವರ ಕೇಂದ್ರದಿಂದಲೇ ‘ಏನೂ ಕಾಣಲಿಲ್ಲ’ ಎಂಬ ಪ್ರಬಂಧವು ಹೊರಬಂದಿತು. ನಿರೀಕ್ಷಿಸಿದ್ದು ಸಿಗದಿದ್ದಾಗ ದಾಖಲೆಯನ್ನು ಕಪಾಟಿನಲ್ಲಿಡುವುದು ವೈದ್ಯಕೀಯ ಸಂಶೋಧನೆಯ ಹಳೆಯ ರೋಗ. ಔಷಧ ಪರೀಕ್ಷೆಗಳಲ್ಲಿ ಅದರಿಂದಾದ ಹಾನಿ ಅಲ್ಪವಲ್ಲ. ಈ ಪ್ರಬಂಧವು ಆ ರೋಗದಿಂದ ಮುಕ್ತವಾಗಿದೆ.

ಹಾಗೆಂದು ಇದು ದೋಷರಹಿತವಾದ ಕೃತಿಯೇನೂ ಅಲ್ಲ. ಇದರ ದೊಡ್ಡ ಕೊರತೆ ಹೋಲಿಕೆಯದು. ಪ್ರಬಂಧವು ಥುಕ್‌ದಮ್ ಎನ್ನಲಾದವರನ್ನು ಜೀವಂತರ ಪಕ್ಕದಲ್ಲಿಟ್ಟು ನೋಡುತ್ತದೆ. ಆದರೆ ಪ್ರಶ್ನೆ ಇದ್ದುದು, ಧ್ಯಾನಿಯ ಮೃತದೇಹವು ಧ್ಯಾನಿಯಲ್ಲದವನ ಮೃತದೇಹಕ್ಕಿಂತ ಭಿನ್ನವೇ ಎಂಬುದಲ್ಲವೆ? ಅದಕ್ಕೆ ಉತ್ತರ ಬೇಕಾದರೆ ಅದೇ ಊರಿನ, ಅದೇ ಋತುವಿನ, ಅದೇ ವಯಸ್ಸಿನ ಸಾಮಾನ್ಯ ಮೃತರ ದೇಹಗಳನ್ನು ಅದೇ ಉಷ್ಣತೆಯಲ್ಲಿ ಅಷ್ಟೇ ದಿನ ಗಮನಿಸಬೇಕು. ದೇಹ ಕೊಳೆಯುವ ವೇಗವು ಕೋಣೆಯ ಬಿಸಿ, ಗಾಳಿಯ ತೇವ, ಮೈಯಲ್ಲಿನ ಕೊಬ್ಬು, ಕೊನೆಯ ದಿನಗಳಲ್ಲಿ ಸೇವಿಸಿದ ಆಹಾರ ಮತ್ತು ಔಷಧಿ ಇವೆಲ್ಲವನ್ನೂ ಅವಲಂಬಿಸಿದೆ. ಧರ್ಮಶಾಲೆಯ ಮಾಘಮಾಸದ ಚಳಿಯಲ್ಲಿ ಐದು ದಿನ ಕೆಡದೆ ಉಳಿದ ದೇಹಕ್ಕೂ ಬೈಲಕುಪ್ಪೆಯ ಏಪ್ರಿಲ್ ತಿಂಗಳ ಸೆಕೆಯಲ್ಲಿ ಐದು ದಿನ ಉಳಿದ ದೇಹಕ್ಕೂ ಒಂದೇ ಬೆಲೆ ಕಟ್ಟಲಾಗದು. ಎಷ್ಟೋ ದಿನಗಳಿಂದ ಅನ್ನ ಬಿಟ್ಟು ಕೃಶರಾದ ವೃದ್ಧರ ದೇಹವು ತಡವಾಗಿ ಕೆಡುವುದರಲ್ಲಿ ಅಲೌಕಿಕವಾದುದು ಇರಲೇಬೇಕೆಂದಿಲ್ಲ. ಭಕ್ತರು ವಿಸ್ಮಯಪಡುವುದು ದೇಹ ಕೆಡದಿರುವುದಕ್ಕೆ. ಪ್ರಬಂಧವು ಅಳೆದದ್ದು ಮಿದುಳಿನ ಅಲೆಗಳನ್ನು. ಎರಡೂ ಬೇರೆ ಬೇರೆ ಪ್ರಶ್ನೆಗಳು.

ಕಾಲದ ಪ್ರಶ್ನೆಯೂ ಇದೆ. ಸಾವಿನ ಸುದ್ದಿ ತಲುಪಿ, ಮಠದ ಅನುಮತಿ ದೊರೆತು, ಸಲಕರಣೆಯೊಡನೆ ತಂಡವು ಬರುವಷ್ಟರಲ್ಲಿ ಗಂಟೆಗಳು ಉರುಳಿರುತ್ತವೆ. ಆದರೆ ಸಾಯುವ ಮಿದುಳಿನ ಬಗ್ಗೆ ಈಚೆಗೆ ದೊರೆತಿರುವ ಕುತೂಹಲಕರವಾದ ಸಂಗತಿಗಳೆಲ್ಲ ಹೃದಯ ನಿಲ್ಲುವ ಆಸುಪಾಸಿನ ಸೆಕೆಂಡುಗಳಿಗೂ ನಿಮಿಷಗಳಿಗೂ ಸಂಬಂಧಿಸಿದವು. ನೆತ್ತಿಯ ಮೇಲಣ ವಿದ್ಯುದ್ವಾರಗಳು ಮಿದುಳಿನ ಹೊರಪದರದ ಸದ್ದನ್ನು ಹಿಡಿದಷ್ಟು ಚೆನ್ನಾಗಿ ಆಳದ ಸದ್ದನ್ನು ಹಿಡಿಯಲಾರವು. ಇನ್ನೊಂದು ಸೂಕ್ಷ್ಮವುಂಟು. ರಷ್ಯದ ನರವಿಜ್ಞಾನಿ ಸ್ವ್ಯಾತೋಸ್ಲಾವ್ ಮೆಡ್ವೆಡೇವ್ ಅವರ ತಂಡವು ಟಿಬೆಟನ್ ಮಠಗಳ ಅನುಭವಿ ಭಿಕ್ಷುಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಧ್ಯಾನದಲ್ಲಿರುವ ಜೀವಂತ ಭಿಕ್ಷುವಿನಲ್ಲಿಯೇ ಬೇರೆ ಸ್ವರಕ್ಕೆ ಮಿದುಳು ತೋರುವ ಪ್ರತಿಕ್ರಿಯೆಯು ತಗ್ಗುತ್ತದೆ. ಹಾಗಿದ್ದರೆ ಗಾಢಧ್ಯಾನವನ್ನು ಪತ್ತೆಹಚ್ಚಲು ಆ ಪ್ರತಿಕ್ರಿಯೆಯನ್ನೇ ಅಳತೆಗೋಲಾಗಿ ಆರಿಸಿದ್ದು ಎಷ್ಟು ಸರಿ ಎಂದು ಕೇಳಲು ಅವಕಾಶವಿದೆ. ಉಳಿದೆರಡು ದಾಖಲೆಗಳೂ ಶೂನ್ಯವಾಗಿಯೇ ಇದ್ದುದರಿಂದ ಪ್ರಬಂಧದ ಒಟ್ಟು ತೀರ್ಮಾನಕ್ಕೆ ಇದರಿಂದ ಧಕ್ಕೆಯಿಲ್ಲ. ಆದರೂ ಆಯ್ಕೆಯಲ್ಲಿನ ಈ ತೊಡಕನ್ನು ಹೇಳದೆ ಬಿಡಲಾಗದು.

ಇಲ್ಲಿಗೆ ಪ್ರಬಂಧದ ಮಾತು ಸಾಕು. ಅದಕ್ಕಿಂತ ಹೆಚ್ಚು ಚಿಂತೆಗೆ ಕಾರಣವಾಗುವುದು ಇಂಥ ಸಂಶೋಧನೆಗಳನ್ನು ಧಾರ್ಮಿಕ ಸಮಾಜಗಳು ಬರಮಾಡಿಕೊಳ್ಳುವ ರೀತಿ. ‘ವಿಜ್ಞಾನಿಗಳೇ ಬಂದು ನೋಡಿದರಂತೆ’ ಎಂಬ ವಾಕ್ಯವು ‘ವಿಜ್ಞಾನಿಗಳೇ ಒಪ್ಪಿದರಂತೆ’ ಎಂದಾಗಲು ಬಹಳ ದಿನ ಬೇಕಾಗುವುದಿಲ್ಲ. ಈ ಚಪಲವು ಬೌದ್ಧರಿಗೆ ಮೀಸಲಾದುದಲ್ಲ. ಜೈನ ಸಭೆಗಳಲ್ಲಿ ರಾತ್ರಿಭೋಜನ ತ್ಯಾಗ, ಕಾಯಿಸಿದ ನೀರು, ಪರ್ವದಿನಗಳ ಉಪವಾಸ ಇವೆಲ್ಲಕ್ಕೂ ಪ್ರಯೋಗಶಾಲೆಯ ಮುದ್ರೆಯನ್ನು ಹುಡುಕುವ ಭಾಷಣಗಳು ನಡೆಯುತ್ತಲೇ ಬಂದಿವೆ. ಮರುಜನ್ಮಕ್ಕೆ ಆಧಾರವೆಂದು ಥುಕ್‌ದಮ್‌ನ ಪ್ರಸ್ತಾಪವನ್ನು ಜೈನ ವೇದಿಕೆಗೆ ತರುವವರಿದ್ದರೆ ಅವರು ಮೊದಲು ತಮ್ಮ ಆಗಮವನ್ನು ನೋಡಿಕೊಳ್ಳಬೇಕು. ಆಯುಃಕರ್ಮವು ಕ್ಷಯವಾದೊಡನೆ ಜೀವವು ಹಳೆಯ ದೇಹವನ್ನು ಬಿಡುತ್ತದೆ, ವಿಗ್ರಹಗತಿಯಲ್ಲಿ ನಾಲ್ಕು ಸಮಯ ತುಂಬುವುದರೊಳಗೆ ಹೊಸ ಜನ್ಮಸ್ಥಾನವನ್ನು ಮುಟ್ಟುತ್ತದೆ ಎಂಬುದು ಉಮಾಸ್ವಾತಿಗಳ ತತ್ತ್ವಾರ್ಥಸೂತ್ರದ ಎರಡನೆಯ ಅಧ್ಯಾಯದ ನಿಲುವು. ‘ಸಮಯ’ ಎಂದರೆ ಕಾಲದ ಒಡೆಯಲಾಗದ ಕಣ. ಅದರ ಮುಂದೆ ಕಣ್ಣೆವೆಯ ಒಂದು ಮಿಟುಕು ಕೂಡ ಯುಗದಂತೆ. ಮೃತದೇಹದಲ್ಲಿ ಏಳು ದಿನ ತಂಗುವ ಚಿತ್ತಕ್ಕೆ ಈ ಸಿದ್ಧಾಂತದಲ್ಲಿ ಎಡೆಯಿಲ್ಲ. ಅಷ್ಟೇ ಅಲ್ಲ, ಜೀವ ಹೋದ ದೇಹದಲ್ಲಿ ಅಂತರ್ಮುಹೂರ್ತದೊಳಗೆ, ಎಂದರೆ 48 ನಿಮಿಷಗಳ ಒಳಗೆ, ಸಂಮೂರ್ಛನ ಜೀವಿಗಳು ಹುಟ್ಟತೊಡಗುತ್ತವೆ ಎಂಬ ಭಾವನೆಯಿಂದಲೇ ಜೈನರು ಶವಸಂಸ್ಕಾರಕ್ಕೆ ತಡಮಾಡುವುದಿಲ್ಲ. ಪರಧರ್ಮದ ಶ್ರದ್ಧೆಯನ್ನು ಗೌರವಿಸುವುದು ಬೇರೆ. ಅದರ ಪ್ರಮಾಣವನ್ನು ಎರವಲು ತಂದು ತನ್ನ ಮನೆಯ ಕಂಬಕ್ಕೆ ಆನಿಕೆ ಕೊಡುವುದು ಬೇರೆ.

ಬೈಲಕುಪ್ಪೆಯ ಸುತ್ತಲಿನ ಸೀಮೆಗೂ ಜೈನಧರ್ಮಕ್ಕೂ ಹಳೆಯ ನಂಟಿದೆ. ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯ ಬಾಹುಬಲಿಯೂ ಕೃಷ್ಣರಾಜನಗರ ಸೀಮೆಯ ಚಿಕ್ಕಹನಸೋಗೆಯ ಆದಿನಾಥ ಬಸದಿಯೂ ಅದಕ್ಕೆ ನಿಂತ ಸಾಕ್ಷಿಗಳು. ದೇಶೀಗಣದ ಒಂದು ‘ಬಳಿ’ಗೆ ಹನಸೋಗೆಯ ಹೆಸರೇ ಇತ್ತು. ಈ ಪರಂಪರೆಯು ಸಾಧಕರ ಮರಣವನ್ನು ಹೇಗೆ ದಾಖಲಿಸಿತು ಎಂಬುದನ್ನು ಇಲ್ಲಿ ನೆನೆಯುವುದು ಉಚಿತ. ಶ್ರವಣಬೆಳಗೊಳದ ಚಿಕ್ಕಬೆಟ್ಟದ ನಿಸಿದಿ ಶಾಸನಗಳು ಆರು–ಏಳನೆಯ ಶತಮಾನಗಳಿಂದ ತೊಡಗುತ್ತವೆ, ಷ. ಶೆಟ್ಟರ್ ಅವರು 1986 ಮತ್ತು 1990ರಲ್ಲಿ ಹೊರತಂದ ಎರಡು ಇಂಗ್ಲಿಷ್ ಗ್ರಂಥಗಳಲ್ಲಿ ಅವುಗಳನ್ನು ವಿಸ್ತಾರವಾಗಿ ಪರಿಶೀಲಿಸಿದ್ದಾರೆ. ಗಂಗ ದೊರೆ ಮಾರಸಿಂಹನು ರಾಜ್ಯವನ್ನು ತ್ಯಜಿಸಿ ಬಂಕಾಪುರದಲ್ಲಿ ಅಜಿತಸೇನ ಭಟ್ಟಾರಕರ ಸನ್ನಿಧಿಯಲ್ಲಿ ಮೂರು ದಿನ ವ್ರತವಿದ್ದು ದೇಹ ಬಿಟ್ಟನೆಂದು ಕೂಗೆ ಬ್ರಹ್ಮದೇವ ಕಂಬದ ಶಾಸನವು ಹೇಳುತ್ತದೆ. ಇಂಥ ಶಾಸನಗಳು ಬರೆದಿಡುವುದು ಸಾಧಕನ ಹೆಸರನ್ನು, ಗುರುವನ್ನು, ಸ್ಥಳವನ್ನು, ವ್ರತ ಹಿಡಿದ ಬಗೆಯನ್ನು. ವ್ರತವು ಮುಗಿದ ಮೇಲೆ ದೇಹವು ಎಷ್ಟು ದಿನ ಕೆಡದೆ ಇತ್ತು ಎಂಬುದು ಅವುಗಳ ಕಾಳಜಿಯಲ್ಲ. ಸಾಕ್ಷ್ಯವನ್ನು ಅವು ಪಡೆಯುವುದು ಮಾತನಾಡಬಲ್ಲ ಮನುಷ್ಯನಿಂದ, ಶವದಿಂದಲ್ಲ.

ಸಾಯುವ ಮಿದುಳಿನ ಬಗೆಗಿನ ತಿಳಿವಳಿಕೆ ಎಲ್ಲಿಂದ ಬಂತು ಎಂಬುದನ್ನೂ ಅಹಿಂಸಾವ್ರತಿಗಳು ಕೇಳಬೇಕಾಗುತ್ತದೆ. 2013ರಲ್ಲಿ ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಜಿಮೋ ಬೋರ್ಜಿಗಿನ್ ಅವರ ತಂಡವು ಒಂಬತ್ತು ಇಲಿಗಳಿಗೆ ಅರಿವಳಿಕೆ ಕೊಟ್ಟು, ಅವುಗಳ ಹೃದಯವನ್ನು ಬೇಕೆಂದೇ ನಿಲ್ಲಿಸಿ, ಆಮೇಲಿನ ಸುಮಾರು ಮೂವತ್ತು ಸೆಕೆಂಡುಗಳಲ್ಲಿ ಮಿದುಳಿನ ಅಲೆಗಳು ಒಮ್ಮೆ ಪ್ರಬಲವಾಗಿ ಏಳುವುದನ್ನು ಕಂಡಿತು. 2019ರಲ್ಲಿ ಯೇಲ್ ವಿಶ್ವವಿದ್ಯಾಲಯದವರು ಕಸಾಯಿಖಾನೆಯಿಂದ ತಂದ ಹಂದಿಗಳ ಮಿದುಳುಗಳಿಗೆ, ಸತ್ತು ನಾಲ್ಕು ಗಂಟೆಗಳಾದ ಮೇಲೆ, ವಿಶೇಷ ದ್ರವವನ್ನು ಹರಿಸಿ ಜೀವಕೋಶಗಳ ಕೆಲವು ವ್ಯಾಪಾರಗಳನ್ನು ಮತ್ತೆ ಚಾಲೂ ಮಾಡಿದರು. ಪ್ರಜ್ಞೆಯ ಸುಳಿವು ಮಾತ್ರ ಕಾಣಲಿಲ್ಲ. 2023ರಲ್ಲಿ ಬೋರ್ಜಿಗಿನ್ ಅವರ ತಂಡವೇ, ಉಸಿರಾಟದ ಯಂತ್ರವನ್ನು ತೆಗೆದ ನಾಲ್ವರು ರೋಗಿಗಳ ದಾಖಲೆಗಳಲ್ಲಿ ಇಬ್ಬರಲ್ಲಿ ಇಲಿಗಳಲ್ಲಿ ಕಂಡಂಥ ಏರಿಕೆಯನ್ನು ಗುರುತಿಸಿತು. ತಿಳಿಯಬೇಕೆಂಬ ಹಂಬಲಕ್ಕೆ ಒಂಬತ್ತು ಜೀವಗಳ ಬಲಿ ಸಲ್ಲುತ್ತದೆಯೇ ಎಂಬ ಪ್ರಶ್ನೆಯನ್ನು ಪ್ರಯೋಗಶಾಲೆಯು ಬಿಡಿಸಿಲ್ಲ, ಅನುಮತಿಪತ್ರದೊಳಗೆ ಮಡಿಸಿಟ್ಟಿದೆ. ಈ ದೃಷ್ಟಿಯಿಂದ ನೋಡಿದರೆ ಥುಕ್‌ದಮ್ ಅಧ್ಯಯನದ ಮೇಲ್ಮೆ ಎದ್ದು ಕಾಣುತ್ತದೆ. ಇಲ್ಲಿ ಯಾವ ಪ್ರಾಣಿಯನ್ನೂ ಕೊಂದಿಲ್ಲ, ಯಾರ ಸಾವನ್ನೂ ಅವಸರಿಸಿಲ್ಲ. ಸಾವು ತಾನಾಗಿ ಬಂದ ಮೇಲೆ ಯಂತ್ರವು ಬಂದಿದೆ.

ಆದರೆ ಒಪ್ಪಿಗೆಯ ವಿಷಯಕ್ಕೆ ಬಂದಾಗ ತೊಡಕು ಶುರುವಾಗುತ್ತದೆ. ಮನುಷ್ಯರ ಮೇಲಿನ ಸಂಶೋಧನೆಗೆ ಸ್ವಂತ ಇಚ್ಛೆಯ ಒಪ್ಪಿಗೆಯೇ ಮೊದಲ ನಿಯಮವೆಂದು 1947ರ ನ್ಯೂರೆಂಬರ್ಗ್ ಸಂಹಿತೆಯು ಸಾರಿತು. ಜಾಗತಿಕ ವೈದ್ಯಕೀಯ ಸಂಘವು 1964ರಲ್ಲಿ ಹೊರಡಿಸಿದ ಹೆಲ್ಸಿಂಕಿ ಘೋಷಣೆಯು ಅದನ್ನೇ ವಿಸ್ತರಿಸಿತು. 2024ರ ಅಕ್ಟೋಬರ್‌ನಲ್ಲಿ ಆದ ಪರಿಷ್ಕರಣೆಯಲ್ಲಿ ಸಂಶೋಧನೆಗೆ ಒಳಗಾಗುವವರನ್ನು ‘ವಸ್ತು’ ಎಂಬ ಧ್ವನಿಯುಳ್ಳ ಪದವನ್ನು ಬಿಟ್ಟು ‘ಭಾಗಿ’ ಎಂಬರ್ಥದ ಪದದಿಂದ ಕರೆಯಲಾಯಿತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯು ತಮ್ಮ ಹಿತವನ್ನು ತಾವೇ ಕಾಯ್ದುಕೊಳ್ಳಲಾರದ ದುರ್ಬಲ ವರ್ಗಗಳಿಗೆಂದು ಪ್ರತ್ಯೇಕ ಅಧ್ಯಾಯವನ್ನೇ ಇಟ್ಟಿದೆ. ಬೈಲಕುಪ್ಪೆಯ ವೃದ್ಧ ಭಿಕ್ಷುವನ್ನು ಈ ನಿಯಮಗಳ ಬೆಳಕಿನಲ್ಲಿ ನೋಡಬೇಕು. ಅವನು ನಿರಾಶ್ರಿತರ ನೆಲೆಯಲ್ಲಿ, ಶಿಸ್ತಿನ ಸಂಸ್ಥೆಯೊಂದರಲ್ಲಿ ಬಾಳುವವನು. ಈ ಬಗೆಯ ಸಂಶೋಧನೆಗೆ ದಲಾಯಿ ಲಾಮಾ ಅವರ ಪ್ರೋತ್ಸಾಹವಿದೆ. ಪರಮಗುರುವು ಬಯಸಿದ್ದಕ್ಕೆ ‘ಬೇಡ’ ಎನ್ನುವ ಸ್ವಾತಂತ್ರ್ಯವು ಶಿಷ್ಯನಿಗೆ ಕಾಗದದಲ್ಲಿ ಇರಬಹುದು, ಮನಸ್ಸಿನಲ್ಲಿ ಇರುತ್ತದೆಯೇ? ಬಲವಂತವಿಲ್ಲದಿದ್ದರೂ ಭಕ್ತಿಯೇ ಒಂದು ಬಗೆಯ ಒತ್ತಾಯವಾಗಬಲ್ಲದು ಎಂಬುದನ್ನು ಮಠಗಳನ್ನು ಬಲ್ಲ ಯಾರೂ ಅಲ್ಲಗಳೆಯಲಾರರು. ಇದು ಸಂಶೋಧಕರ ಮೇಲಿನ ಆರೋಪವಲ್ಲ, ಇಂಥ ಸ್ಥಳದಲ್ಲಿ ಸಂಶೋಧನೆಯನ್ನು ಕೈಗೊಳ್ಳುವ ಯಾರಿಗೂ ತಪ್ಪದ ತೊಡಕು.

ಇದೇ ಪ್ರಶ್ನೆಯು ನಾಳೆ ಜೈನ ಬಸದಿಯ ಬಾಗಿಲಿಗೆ ಬಂದರೆ ಏನು ಉತ್ತರ? ಸಲ್ಲೇಖನ ವ್ರತದಲ್ಲಿರುವ ಕ್ಷಪಕನ ತಲೆಯ ಮೇಲೆ ತಂತಿಗಳನ್ನಿರಿಸಲು ಯಾವುದಾದರೂ ಸಂಸ್ಥೆಯು ಅನುಮತಿ ಕೇಳುವ ದಿನ ದೂರವಿರಲಾರದು. ಅದರಿಂದ ಧರ್ಮದ ಕೀರ್ತಿಯು ಹಬ್ಬೀತೆಂಬ ಆಸೆಯಿಂದ ಟ್ರಸ್ಟಿನ ಸದಸ್ಯರು ಒಪ್ಪಿಬಿಡುವ ಅಪಾಯವಿದೆ. ಒಪ್ಪಬಾರದು. ಸಲ್ಲೇಖನಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳಿದೆ: ಬದುಕುವ ಆಸೆ, ಸಾಯುವ ಆಸೆ, ಮಿತ್ರರಲ್ಲಿ ಅನುರಾಗ, ಹಿಂದಿನ ಸುಖದ ನೆನಪು, ಮುಂದಿನ ಫಲದ ನಿದಾನ. ಪೂಜಾಸತ್ಕಾರಗಳನ್ನು ಕಂಡು ಇನ್ನಷ್ಟು ದಿನ ಬದುಕಿರಬೇಕೆಂಬ ಆಸೆ ಹುಟ್ಟುವುದನ್ನು ವ್ಯಾಖ್ಯಾನಕಾರರು ಮೊದಲನೆಯದರಲ್ಲಿ ಎಣಿಸಿದ್ದಾರೆ. ತನ್ನ ಮಿದುಳಿನ ಅಲೆಗಳನ್ನು ಲೋಕವೇ ಕಾದು ನೋಡುತ್ತಿದೆ ಎಂಬ ಅರಿವು ಕ್ಷಪಕನ ಚಿತ್ತದಲ್ಲಿ ಏನನ್ನು ಎಬ್ಬಿಸೀತು ಎಂಬುದನ್ನು ಊಹಿಸುವುದು ಕಷ್ಟವಲ್ಲ. ದಾಖಲೆಯಲ್ಲಿ ಶಾಂತಿಯ ಲಕ್ಷಣ ಕಾಣದಿದ್ದರೆ ಆಗ ಆ ವ್ರತವು ಸುಳ್ಳೆಂದು ಹೇಳುವವರು ಯಾರು, ಒಪ್ಪುವವರು ಯಾರು? ಮುದ್ರೆಯನ್ನು ಬೇಡಿದವನು ಮುದ್ರೆಯ ನಿರಾಕರಣೆಯನ್ನೂ ಸ್ವೀಕರಿಸಬೇಕಾಗುತ್ತದೆ.

ಸಲ್ಲೇಖನದ ಮಾತು ಬಂದುದರಿಂದ ನ್ಯಾಯಾಲಯಗಳ ಇತಿಹಾಸವನ್ನೂ ನೆನೆಯಬೇಕು. 2015ರ ಆಗಸ್ಟ್ 10ರಂದು ರಾಜಸ್ಥಾನ ಉಚ್ಚ ನ್ಯಾಯಾಲಯವು ಸಲ್ಲೇಖನವನ್ನು ಆತ್ಮಹತ್ಯೆಗೆ ಸಮವೆಂದು ಬಗೆದು ತೀರ್ಪಿತ್ತಿತು. ದೇಶಾದ್ಯಂತ ಜೈನರು ಮೌನ ಮೆರವಣಿಗೆ ನಡೆಸಿದರು. ಅದೇ ತಿಂಗಳ 31ರಂದು ಸರ್ವೋಚ್ಚ ನ್ಯಾಯಾಲಯವು ತಡೆಯಾಜ್ಞೆ ನೀಡಿತು. ಆ ವಾರಗಳಲ್ಲಿ ಸಮಾಜವು ಮುಂದಿಟ್ಟ ವಾದದ ತಿರುಳು ಒಂದೇ: ಸಲ್ಲೇಖನವು ಪ್ರತೀಕಾರವಿಲ್ಲದ ರೋಗ, ಮುಪ್ಪು, ಬರಗಾಲ, ಉಪಸರ್ಗ ಇವುಗಳಲ್ಲಿ ಎಚ್ಚರವುಳ್ಳ ವ್ಯಕ್ತಿಯು ಗುರುವಿನ ಅನುಮತಿ ಪಡೆದು, ಎಲ್ಲರನ್ನೂ ಕ್ಷಮಿಸಿ, ಎಲ್ಲರಿಂದ ಕ್ಷಮೆ ಬೇಡಿ, ಕ್ರಮಕ್ರಮವಾಗಿ ಕೈಗೊಳ್ಳುವ ವ್ರತ. ಈ ವಾದವು ನಿಲ್ಲಬೇಕಾದರೆ ‘ಎಚ್ಚರವುಳ್ಳ’ ಎಂಬ ಪದವು ನಿಲ್ಲಬೇಕು. ಆದರೆ ಮನೆಮನೆಗಳಲ್ಲಿ ನಡೆಯುತ್ತಿರುವುದೇನು? ಮೂರು ವಾರ ತೀವ್ರನಿಗಾ ಘಟಕದಲ್ಲಿ ಕೊಳವೆಗಳ ನಡುವೆ ಮಲಗಿ ಪ್ರಜ್ಞೆ ಕಳೆದುಕೊಂಡ ಅಜ್ಜಿಯನ್ನು, ವೈದ್ಯರು ಕೈಚೆಲ್ಲಿದ ಮೇಲೆ ಮನೆಗೆ ಕರೆತಂದು, ಕಿವಿಯಲ್ಲಿ ಣಮೋಕಾರ ಮಂತ್ರವನ್ನೂ ವ್ರತವಾಕ್ಯವನ್ನೂ ಉಚ್ಚರಿಸಿ, ಮರುದಿನದ ಪತ್ರಿಕೆಯಲ್ಲಿ ‘ಸಲ್ಲೇಖನಪೂರ್ವಕ ಸಮಾಧಿಮರಣ’ ಎಂದು ಪ್ರಕಟಿಸುವುದುಂಟು. ಮಂತ್ರವನ್ನು ಕೇಳಿಸುವುದು ಪ್ರೀತಿಯ ಕರ್ತವ್ಯ. ಅದನ್ನು ಯಾರೂ ಆಕ್ಷೇಪಿಸರು. ಆದರೆ ಒಪ್ಪಲಾರದವರ ಮೇಲೆ ವ್ರತವನ್ನು ಹೊರಿಸುವುದು ವ್ರತವನ್ನೇ ಹಗುರಗೊಳಿಸುವುದಲ್ಲದೆ ಬೇರೇನು? ಸತ್ತ ಭಿಕ್ಷುವಿನ ನೆತ್ತಿಯಿಂದ ಸಾಕ್ಷ್ಯವನ್ನು ಬಯಸುವ ಸಂಶೋಧಕನೂ ಪ್ರಜ್ಞೆಯಿಲ್ಲದ ತಾಯಿಯಿಂದ ಒಪ್ಪಿಗೆಯನ್ನು ಪಡೆದೆವೆನ್ನುವ ಮಕ್ಕಳೂ ಒಂದೇ ಬಗೆಯ ಅವಸರದಲ್ಲಿ ಬಿದ್ದವರು. ಸಂಶೋಧಕನಾದರೋ ‘ಏನೂ ಸಿಗಲಿಲ್ಲ’ ಎಂದು ಬರೆದ. ಮಕ್ಕಳು ಹಾಗೆ ಬರೆಯುವುದಿಲ್ಲ.

ಕಾನೂನು ಈಗ ಒಂದು ದಾರಿಯನ್ನು ತೆರೆದಿದೆ. ಅದನ್ನು ಬಲ್ಲವರು ಕಡಿಮೆ. 2018ರ ಮಾರ್ಚ್ 9ರಂದು ಸರ್ವೋಚ್ಚ ನ್ಯಾಯಾಲಯವು ಘನತೆಯಿಂದ ಸಾಯುವ ಹಕ್ಕನ್ನು ಮಾನ್ಯಮಾಡಿ, ಗುಣವಾಗುವ ಭರವಸೆಯಿಲ್ಲದಾಗ ಯಂತ್ರಗಳ ಆಸರೆ ಬೇಡವೆಂದು ಮೊದಲೇ ಬರೆದಿಡಲು ಅವಕಾಶ ಕೊಟ್ಟಿತು. ಆಗಿನ ವಿಧಾನವು ತೀರ ಜಟಿಲವಾಗಿದ್ದುದರಿಂದ 2023ರ ಜನವರಿಯಲ್ಲಿ ಅದನ್ನು ಸಡಿಲಿಸಲಾಯಿತು. ಇಬ್ಬರು ಸಾಕ್ಷಿಗಳ ಎದುರು ಸಹಿ ಮಾಡಿ, ನೋಟರಿ ಅಥವಾ ಗೆಜೆಟೆಡ್ ಅಧಿಕಾರಿಯಿಂದ ದೃಢೀಕರಿಸಿದರೆ ಸಾಕು. ಮಾತಾಡಲಾಗದ ಸ್ಥಿತಿಯಲ್ಲಿ ತನ್ನ ಪರವಾಗಿ ನಿರ್ಧರಿಸಬೇಕಾದವರ ಹೆಸರನ್ನೂ ಅದರಲ್ಲಿ ಕಾಣಿಸಬಹುದು. ಕಾಲ ಬಂದಾಗ ಮೂವರು ವೈದ್ಯರ ಪ್ರಾಥಮಿಕ ಮಂಡಳಿ, ಆಮೇಲೆ ಇನ್ನೊಂದು ಮಂಡಳಿ ಪರಿಶೀಲಿಸಿ, ಸಾಧ್ಯವಾದಷ್ಟು ಮಟ್ಟಿಗೆ ತಲಾ 48 ಗಂಟೆಗಳೊಳಗೆ ಅಭಿಪ್ರಾಯ ಕೊಡಬೇಕು. 2025ರ ಜನವರಿ 30ರಂದು ಕರ್ನಾಟಕದ ಆರೋಗ್ಯ ಇಲಾಖೆಯು ಇದನ್ನು ಜಾರಿಗೆ ತರುವ ಆದೇಶವನ್ನು ಹೊರಡಿಸಿತು. ಇದು ಸಲ್ಲೇಖನವಲ್ಲ, ಯಂತ್ರವನ್ನು ನಿರಾಕರಿಸುವುದೇ ವ್ರತವಾಗದು. ಆದರೂ ವ್ರತಕ್ಕೆ ಬೇಕಾದ ಎಚ್ಚರವು ಉಳಿಯಬೇಕಾದರೆ, ಎಚ್ಚರವನ್ನು ಅಳಿಸಿಬಿಡುವ ಚಿಕಿತ್ಸೆಯು ಎಲ್ಲಿಯವರೆಗೆ ಎಂಬುದನ್ನು ಆರೋಗ್ಯವಿರುವಾಗಲೇ ಹೇಳಿಡುವುದು ಅಗತ್ಯ.

ಶಿವಾರ್ಯರ ಭಗವತೀ ಆರಾಧನೆಯಲ್ಲಿ ಕ್ಷಪಕನ ಸೇವೆಗೆ 48 ಮಂದಿ ನಿರ್ಯಾಪಕರನ್ನು ಹೇಳಲಾಗಿದೆ. ಮಗ್ಗುಲು ತಿರುಗಿಸಲು, ಆಹಾರಪಾನಗಳನ್ನು ನೋಡಿಕೊಳ್ಳಲು, ಮಲಮೂತ್ರವನ್ನು ಶುದ್ಧಿಗೊಳಿಸಲು, ರಾತ್ರಿ ಎಚ್ಚರವಿರಲು, ಧರ್ಮಕಥೆ ಹೇಳಲು ಒಂದೊಂದಕ್ಕೂ ನಾಲ್ಕು ನಾಲ್ಕು ಜನ. ಕಾಲ ಕೆಟ್ಟಿದ್ದರೆ ಸಂಖ್ಯೆಯು ಇಳಿಯಬಹುದು, ಆದರೆ ಎರಡಕ್ಕಿಂತ ಕಡಿಮೆಯಾಗಬಾರದು. ಇಂದು ಇದನ್ನೇ ಆಧುನಿಕ ವೈದ್ಯವು ಉಪಶಾಮಕ ಆರೈಕೆ ಎಂಬ ಹೆಸರಿನಲ್ಲಿ ಮಾಡುತ್ತಿದೆ. 1994ರಲ್ಲಿ ಸ್ಥಾಪನೆಯಾದ ಬೆಂಗಳೂರು ಹಾಸ್ಪಿಸ್ ಟ್ರಸ್ಟಿನ ಕರುಣಾಶ್ರಯವು ಗುಣವಾಗದ ಹಂತದ ಕ್ಯಾನ್ಸರ್ ರೋಗಿಗಳನ್ನು ಶುಲ್ಕವಿಲ್ಲದೆ ನೋಡಿಕೊಳ್ಳುತ್ತದೆ. ಸರಗೂರಿನಲ್ಲಿ ಆಸ್ಪತ್ರೆ ನಡೆಸುವ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಮೈಸೂರಿನಲ್ಲಿಯೂ ಇಂಥ ಆರೈಕೆಯನ್ನು ಕೈಗೊಂಡಿದೆ. ಪಂಚಕಲ್ಯಾಣಕ್ಕೂ ಮಸ್ತಕಾಭಿಷೇಕಕ್ಕೂ ಧಾರಾಳವಾಗಿ ಧನ ಕೂಡಿಸುವ ಟ್ರಸ್ಟುಗಳು, ಊರಿನ ಹಾಸಿಗೆ ಹಿಡಿದ ಶ್ರಾವಕ–ಶ್ರಾವಿಕೆಯರಿಗೆ ಇಬ್ಬರು ತರಬೇತಾದ ಶುಶ್ರೂಷಕರನ್ನು ನೇಮಿಸುವ ವಿಷಯವನ್ನು ಎಷ್ಟು ಸಭೆಗಳಲ್ಲಿ ಚರ್ಚೆಗೆ ಇಟ್ಟಿವೆ ಎಂದು ತಮ್ಮ ತಮ್ಮ ನಡಾವಳಿ ಪುಸ್ತಕಗಳನ್ನು ತೆರೆದು ನೋಡಬೇಕು.

ಥುಕ್‌ದಮ್ ಅಧ್ಯಯನದ ಮಟ್ಟಿಗೆ, ಮುಂದಿನ ಹೆಜ್ಜೆ ಯಾವುದೆಂಬುದು ಸ್ಪಷ್ಟವಿದೆ. ಒಂದೇ ನೆಲೆಯಲ್ಲಿ ಸಾಧಕರ ಮತ್ತು ಸಾಮಾನ್ಯರ ದೇಹಗಳನ್ನು ಹೋಲಿಸುವ, ಕೋಣೆಯ ಉಷ್ಣತೆಯನ್ನು ಗಂಟೆಗಂಟೆಗೂ ಬರೆದಿಡುವ, ಒಪ್ಪಿಗೆಯನ್ನು ಭಿಕ್ಷುವು ಆರೋಗ್ಯದಲ್ಲಿರುವಾಗಲೇ, ಮಠದ ಹಿರಿಯರು ಎದುರಿಗಿಲ್ಲದಾಗ ಪಡೆದುಕೊಳ್ಳುವ ಕೆಲಸವೊಂದು ನಡೆಯಬೇಕು. ಅದು ನಡೆಯುವವರೆಗೆ ದೇಹ ಕೆಡದಿರುವುದರ ಕುರಿತು ಪರವಾಗಿಯಾಗಲಿ ವಿರುದ್ಧವಾಗಿಯಾಗಲಿ ವಿಜ್ಞಾನದ ಹೆಸರು ಹೇಳಿ ಮಾತಾಡುವ ಅಧಿಕಾರವು ಯಾರಿಗೂ ಇಲ್ಲ. ಯಂತ್ರವು ಅಂಗಳದಲ್ಲಿ ಕಾದಿದ್ದು ಹಿರಿಯರು ‘ಬನ್ನಿ’ ಎಂದ ಮೇಲೆಯೇ ಕೋಣೆಯೊಳಗೆ ಹೋಗಬೇಕೆಂಬ ಮಠಗಳ ಕಟ್ಟುಪಾಡನ್ನಾದರೂ, ನಗರದ ಆಸ್ಪತ್ರೆಗಳಲ್ಲಿ ಸಹಿಗಾಗಿ ಚಾಚಿದ ಕಾಗದವನ್ನು ಓದದೆ ರುಜು ಹಾಕುವ ಕುಟುಂಬಗಳು ಗಮನಿಸಬಹುದು.